ಅಜ್ಜ ಬರ್ಮಾದಲ್ಲಿ ಕಮ್ಯಾಂಡೋ ಆಗಿದ್ರಾ? ದಾಖಲೆ ಎಲ್ಲಿ ಹುಡುಕೋದು?

ಪ್ರಶ್ನೆ (ದಾವಣಗೆರೆಯ ಸದಸ್ಯರು):

ಸುಬೇದಾರ್ ಸಾಹೇಬ್ರಿಗೆ ನಮಸ್ಕಾರ. ನೀವು ಸೇನೆಯ ದಾಖಲೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅಂತ ಗುಂಪಿನ ಹಿರಿಯರು ಹೇಳಿದ್ರು, ಅದಕ್ಕೆ ಕೇಳ್ತಿದ್ದೀನಿ.

ನಮ್ಮ ಮೂಲ ಜಗಳೂರು ತಾಲ್ಲೂಕು. ನಮ್ಮಜ್ಜ, ಅಂದ್ರೆ ಅಪ್ಪನ ಅಪ್ಪ, ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋಗಿ ಬಂದವರು. ಊರಲ್ಲಿ ಮಿಲ್ಟ್ರಿ ಅಜ್ಜ ಅಂತಲೇ ಹೆಸರು. ಕಮ್ಯಾಂಡೋ ಆಗಿದ್ರು, ಜಪಾನಿನವರ ಬೆನ್ನ ಹಿಂದೆ ವಿಮಾನದಲ್ಲಿ ಇಳಿದಿದ್ರು ಅಂತ ಮನೆಯಲ್ಲಿ ಮಾತು. ಅವರು ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಸ್ಕೂಲು. ಅವರ ಬಾಯಿಂದ ಕೇಳಿದ್ದರಲ್ಲಿ ನೆನಪಿರೋದು ಸ್ವಲ್ಪವೇ: ಝಾನ್ಸಿ ಕಡೆ ಕಾಡಲ್ಲಿ ತರಬೇತಿ, ಹೇಸರಗತ್ತೆಗಳನ್ನ ವಿಮಾನಕ್ಕೆ ಹತ್ತಿಸಿದ್ದು, ಆ ಹೇಸರಗತ್ತೆಗಳು ಕೂಗಬಾರದು ಅಂತ ಗಂಟಲು ಕೊಯ್ದಿರ್ತಿದ್ರು ಅನ್ನೋದು. ಈ ಕೊನೆಯದನ್ನ ನಮ್ಮ ದೊಡ್ಡಪ್ಪ ‘ಅಪ್ಪಾಜಿ ಬುರುಡೆ’ ಅಂತ ನಗಾಡ್ತಾರೆ.

ಟ್ರಂಕಲ್ಲಿ ಆರು ಮೂಲೆಯ ನಕ್ಷತ್ರದ ಪದಕ ಐತೆ, ‘ದಿ ಬರ್ಮಾ ಸ್ಟಾರ್’ ಅಂತ ಬರೆದಿದೆ. ಒಂದು ಬದಿ ಮಡಚಿದ ಅಗಲ ಹ್ಯಾಟ್ ಹಾಕ್ಕೊಂಡ ಫೋಟೋ ಐತೆ. ಡಿಸ್ಚಾರ್ಜ್ ಕಾಗದ ಇಲ್ಲ. ಪೆನ್ಷನ್ ಬರ್ತಿರಲಿಲ್ಲ, ಆದ್ರೆ ಅಜ್ಜಿಗೆ ಕೊನೆವರೆಗೂ ಸೈನಿಕ ಬೋರ್ಡಿಂದ ತಿಂಗಳಿಗಿಷ್ಟು ಅಂತ ದುಡ್ಡು ಬರ್ತಿತ್ತು. ನಾವು ಮೈಸೂರು ಮಹಾರಾಜರ ಸೀಮೆಯವರು, ಬ್ರಿಟಿಷ್ ಸೈನ್ಯಕ್ಕೆ ಹೆಂಗೆ ಸೇರಿದ್ರು ಅನ್ನೋದೂ ಗೊತ್ತಿಲ್ಲ. ದೆಹಲಿಯ ಒಬ್ಬರು ಪೂರ್ತಿ ಸರ್ವಿಸ್ ರೆಕಾರ್ಡ್ ತೆಗೆಸಿಕೊಡ್ತೀನಿ, ಮುಂಗಡ ಹಾಕ್ರಿ ಅಂತಿದ್ದಾರೆ. ಹಾಕಲಾ?

ಉತ್ತರ (ನಿವೃತ್ತ ಸುಬೇದಾರ್, ದಾಖಲೆ ವಿಭಾಗ):

ಮುಂಗಡ ಹಾಕಬೇಡಿ. ಆ ಮನುಷ್ಯ ಬರೆಯೋ ಅರ್ಜಿಯನ್ನ ನೀವೇ ಬರೆಯಬಹುದು. ರಕ್ತಸಂಬಂಧಿ ಅನ್ನೋ ಕಾರಣಕ್ಕೆ ನಿಮಗಿರೋ ಹಕ್ಕು ಅವನಿಗಿಲ್ಲ.

ದೊಡ್ಡಪ್ಪನವರಿಗೂ ಒಂದು ಮಾತು ಹೇಳಿ, ಅದು ಬುರುಡೆ ಅಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದೇ ಆ ಗಂಟಲು ಕೊಯ್ದ ಹೇಸರಗತ್ತೆ. ಆರ್ಡ್ ವಿಂಗೇಟ್ ಅನ್ನೋ ಬ್ರಿಟಿಷ್ ಅಧಿಕಾರಿ ಕಟ್ಟಿದ ಚಿಂಡಿಟ್ ಪಡೆಯಲ್ಲಿ ಪಶುವೈದ್ಯರು ಹೇಸರಗತ್ತೆಗಳ ಧ್ವನಿತಂತು ಕತ್ತರಿಸ್ತಿದ್ದರು. ಜಪಾನಿ ಸೈನ್ಯದ ಹಿಂಬದಿಯ ಕಾಡಲ್ಲಿ ಸಾಲಾಗಿ ನಡೆಯುವಾಗ ಒಂದು ಪ್ರಾಣಿ ಕೂಗಿದರೂ ಇಡೀ ತಂಡ ಸಿಕ್ಕಿಬೀಳೋದು. 1943ರ ಫೆಬ್ರವರಿಯಲ್ಲಿ ಸುಮಾರು 3,000 ಜನ ಚಿಂದ್ವಿನ್ ನದಿ ದಾಟಿ ನಡೆದೇ ಹೋದರು, ಮೂರರಲ್ಲಿ ಎರಡು ಪಾಲಿನಷ್ಟು ಜನ ವಾಪಸ್ ಬಂದರು. 1944ರಲ್ಲಿ ದೊಡ್ಡ ಪಡೆ. ಮಾರ್ಚ್ 5ರ ರಾತ್ರಿ ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳು ಬರ್ಮಾ ಕಾಡಿನ ನಡುವಿನ ಬಯಲಿಗೆ ಇಳಿದವು, ಆ ಜಾಗಕ್ಕೆ ಬ್ರಾಡ್‌ವೇ ಅಂತ ಗುಪ್ತನಾಮ. ನೆಲ ಸಮ ಮಾಡಿದ ಮೇಲೆ ಡಕೋಟಾ ವಿಮಾನಗಳಲ್ಲಿ ಜನ, ಸಾಮಾನು, ಹೇಸರಗತ್ತೆ ಬಂದಿಳಿದವು. ಈ ಪಡೆ ತಯಾರಾಗಿದ್ದು ಝಾನ್ಸಿ, ಸಾಗರ್ ಸುತ್ತಲಿನ ಕಾಡುಗಳಲ್ಲಿ. ಝಾನ್ಸಿ, ವಿಮಾನ, ಮೂಕ ಹೇಸರಗತ್ತೆ, ಮೂರೂ ಒಬ್ಬನ ಬಾಯಲ್ಲಿ ಬಂದಿವೆ ಅಂದರೆ ಅವನು ಆ ಪಡೆಯ ಹತ್ತಿರ ಇದ್ದವನೇ. ಜಗಳೂರಲ್ಲಿ ಕೂತು ಕಟ್ಟೋ ಕತೆ ಅಲ್ಲ ಇದು.

ಆದರೆ ಅವರು ಹೇಳಿದ್ದನ್ನ ಅವರು ಹೇಳಿದಷ್ಟೇ ತಗೊಳ್ಳಿ. ‘ವಿಮಾನಕ್ಕೆ ಹತ್ತಿಸಿದ್ದು’ ಅಂದಿದ್ದಾರೆ, ನಾನು ಹತ್ತಿದೆ ಅಂದಿಲ್ಲ. ಕಾಡೊಳಗೆ ಕಾದಾಡಿದ ತಂಡಗಳಲ್ಲಿ ಹೆಚ್ಚಿನವರು ಬ್ರಿಟಿಷರು, ಗೂರ್ಖಾಗಳು, ಬರ್ಮಾ ರೈಫಲ್ಸ್‌ನವರು, 1944ರಲ್ಲಿ ಪಶ್ಚಿಮ ಆಫ್ರಿಕಾದವರು. ನಮ್ಮ ಕಡೆಯ ಹುಡುಗರು ಯುದ್ಧಕಾಲದಲ್ಲಿ ಹೆಚ್ಚಾಗಿ ಸೇರಿದ್ದು ಸಪ್ಪರ್ಸ್ (ಸೇನೆಯ ಎಂಜಿನಿಯರಿಂಗ್ ದಳ), ಸಾರಿಗೆ-ಸರಬರಾಜು, ವೈದ್ಯಕೀಯ ದಳಗಳಿಗೆ. ಹೇಸರಗತ್ತೆ ಅಂದ ತಕ್ಷಣ ನಾನು ಮೊದಲು ನೋಡೋದು ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಆ ಸಾರಿಗೆ-ಸರಬರಾಜು ದಳ. ಅಸ್ಸಾಮಿನ ಲಾಲಾಘಾಟ್, ಹೈಲಾಕಂಡಿ ವಿಮಾನ ನಿಲ್ದಾಣಗಳಲ್ಲಿ ರಾತ್ರಿಯೆಲ್ಲ ಬೆದರಿದ ಪ್ರಾಣಿಗಳನ್ನ ಬಿದಿರು ಕಟಕಟೆಯೊಳಗೆ ನುಗ್ಗಿಸಿದವರೂ ಅದೇ ಕಾರ್ಯಾಚರಣೆಯವರೇ. ಒಳಗೆ ಹೋಗಿದ್ದರೋ, ಹೊರಗಿಂದ ಕಳಿಸಿದ್ದರೋ, ಕಾಗದ ಸಿಗೋವರೆಗೆ ತೀರ್ಮಾನ ಬೇಡ.

ಪದಕದಿಂದಲೂ ಇದು ಬಗೆಹರಿಯಲ್ಲ. ಬರ್ಮಾ ಸ್ಟಾರನ್ನ ಬರ್ಮಾದೊಳಗೆ ಹೋದವರಿಗಷ್ಟೇ ಅಲ್ಲ, ನಿಗದಿತ ಅವಧಿಯಲ್ಲಿ ಅಸ್ಸಾಂ, ಬಂಗಾಳದ ಗೊತ್ತಾದ ಪ್ರದೇಶಗಳಲ್ಲಿ ಇದ್ದವರಿಗೂ ಕೊಟ್ಟಿದ್ದಾರೆ. ಹ್ಯಾಟ್ ಕೂಡ ಬರ್ಮಾ ರಂಗದಲ್ಲಿ ಸುಮಾರು ಜನ ಹಾಕ್ತಿದ್ದರು. ಬೆಲೆ ಇರೋದು ತೋಳಿನ ಬಿಲ್ಲೆಗೆ. ಟ್ರಂಕಿನ ತಳದಲ್ಲಿ, ಹಳೆ ಕೋಟಿನ ಜೇಬಲ್ಲಿ ದುಂಡನೆಯ ನೀಲಿ ಬಟ್ಟೆಯ ತುಂಡು, ಅದರ ಮೇಲೆ ಹಳದಿ ಬಣ್ಣದಲ್ಲಿ ಸಿಂಹದಂಥ ಪ್ರಾಣಿ, ಪಕ್ಕದಲ್ಲಿ ಪಗೋಡ ಇದೆಯಾ ನೋಡಿ. ಅದು ‘ಚಿಂಥೆ’ ಅನ್ನೋ ಬರ್ಮಾ ದೇಗುಲದ ಕಾವಲು ಪ್ರಾಣಿ, ಆ ಪಡೆಯ ಗುರುತು. ಇನ್ನೊಂದು: ಶತ್ರುವಿಗೆ ಗೊತ್ತಾಗಬಾರದು ಅಂತ ಈ ಪಡೆಗೆ ಕಾಗದದ ಮೇಲೆ ‘3ನೇ ಇಂಡಿಯನ್ ಡಿವಿಷನ್’ ಅಂತ ಹೆಸರಿಟ್ಟಿದ್ದರು. ಹಾಗಾಗಿ ಯಾವುದಾದರೂ ಚೀಟಿಯಲ್ಲಿ ಆ ಹೆಸರು ಕಂಡರೆ ಮಾಮೂಲಿ ಕಾಲಾಳು ಪಡೆ ಅಂದ್ಕೊಂಡು ಪಕ್ಕಕ್ಕಿಡಬೇಡಿ.

ಈಗ ದಾಖಲೆ ವಿಷಯ. ನಿಮ್ಮಂಥವರು ಬರೆಯೋ ಅರ್ಜಿಗಳು ‘ನಮ್ಮ ಅಜ್ಜ ಕಮ್ಯಾಂಡೋ, ವಿವರ ಕೊಡಿ’ ಅಂತ ಶುರುವಾಗ್ತವೆ. ಅದನ್ನ ಓದಿ ಕ್ಲರ್ಕ್ ಏನೂ ಮಾಡಕ್ಕಾಗಲ್ಲ. ವಿಶೇಷ ಪಡೆಗೆ ಹೋದ ಸಿಪಾಯಿಯ ಕಡತ ಆ ಪಡೆಯಲ್ಲಿ ಇರೋದೇ ಇಲ್ಲ, ಅವನು ಭರ್ತಿಯಾದ ಮೂಲ ದಳದಲ್ಲಿರುತ್ತೆ, ಅವನ ಸೈನಿಕ ನಂಬರಿನ ಮೇಲೆ. ತವರಲ್ಲೇ ಉಳಿದ ಹೆಣ್ಣುಮಗಳ ಪೆಟ್ಟಿಗೆ ಇದ್ದಂಗೆ. ನಂಬರ್ ಮತ್ತು ದಳ, ಇವೆರಡು ಸಿಕ್ಕರೆ ಅರ್ಧ ದಾರಿ ಮುಗೀತು.

ಆ ನಂಬರ್ ನಿಮಗೆ ಬೆಂಗಳೂರಲ್ಲೋ ದೆಹಲಿಯಲ್ಲೋ ಅಲ್ಲ, ಹತ್ತಿರದಲ್ಲೇ ಸಿಗಬೇಕು. ಅಜ್ಜಿಗೆ ಬರ್ತಿದ್ದ ದುಡ್ಡು ಎರಡನೇ ಮಹಾಯುದ್ಧದ ಯೋಧರಿಗೆ, ಅವರ ವಿಧವೆಯರಿಗೆ ರಾಜ್ಯ ಸರ್ಕಾರ ಕೊಡೋ ಸಹಾಯಧನ ಇರಬೇಕು. ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಇಲ್ಲದೆ ಅದು ಮಂಜೂರಾಗಿರಲ್ಲ. ನಿಮ್ಮ ಜಿಲ್ಲೆ ನೋಡಿಕೊಳ್ಳೋ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಅಜ್ಜಿಯ ಹೆಸರು, ಬ್ಯಾಂಕ್ ಪಾಸ್‌ಬುಕ್ ಹಿಡ್ಕೊಂಡು ಹೋಗಿ ಆ ಕಡತ ಕೇಳಿ. ಅಜ್ಜನಿಗೆ ಮಾಜಿ ಸೈನಿಕ ಅಂತ ದರಖಾಸ್ತಿನಲ್ಲಿ ಜಮೀನು ಏನಾದ್ರೂ ಸಿಕ್ಕಿತ್ತಾ, ಅದನ್ನೂ ವಿಚಾರಿಸಿ. ನಂಬರ್ ಬರೆದುಕೊಳ್ಳುವಾಗ ಅಂಕಿಗಳ ಮುಂದಿರೋ ಅಕ್ಷರಗಳನ್ನ ಬಿಡಬೇಡಿ.

ನಂಬರ್ ಸಿಕ್ಕ ಮೇಲೆ ಆ ದಳದ ದಾಖಲೆ ಕಚೇರಿಗೆ ಪತ್ರ. ಸರ್ವಿಸ್ ಕೋರ್ ಆದರೆ ಬೆಂಗಳೂರಿನ ಎ.ಎಸ್.ಸಿ. ರೆಕಾರ್ಡ್ಸ್, ಮದ್ರಾಸ್ ಸಪ್ಪರ್ಸ್ ಆದರೆ ಅದೂ ಬೆಂಗಳೂರೇ. ಮದ್ರಾಸ್ ರೆಜಿಮೆಂಟ್ ಆದರೆ ಊಟಿ ಹತ್ತಿರದ ವೆಲಿಂಗ್ಟನ್. ಜೊತೆಗೆ ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ನಿಮ್ಮ ಗುರುತಿನ ಚೀಟಿ. ಇಲ್ಲಿ ಒಂದು ಒಳಗುಟ್ಟು: ಸರ್ವಿಸ್ ರೆಕಾರ್ಡ್ ಕೊಡಿ ಅಂತ ಮಾತ್ರ ಕೇಳಿದರೆ ‘ನಾಶಪಡಿಸಲಾಗಿದೆ’ ಅಂತ ಒಂದು ಸಾಲಿನ ಉತ್ತರ ಬರೋ ಸಾಧ್ಯತೆ ಜಾಸ್ತಿ. ಅದು ಸುಳ್ಳೂ ಅಲ್ಲ. ಪೆನ್ಷನ್ ಇಲ್ಲದೆ ಬಿಡುಗಡೆಯಾದವರ ಶೀಟ್ ರೋಲನ್ನ, ಅಂದರೆ ವೈಯಕ್ತಿಕ ಸೇವಾ ದಾಖಲೆಯನ್ನ, 25 ವರ್ಷ ಇಟ್ಟು ಆಮೇಲೆ ನಾಶ ಮಾಡೋದು ಸೇನೆಯ ನಿಯಮ. ಆದರೆ ಲಾಂಗ್ ರೋಲ್ ಅನ್ನೋ ದೊಡ್ಡ ರಿಜಿಸ್ಟರ್ ಶಾಶ್ವತವಾಗಿ ಇಡುವಂಥದ್ದು. ‘ಲಾಂಗ್ ರೋಲ್‌ನಲ್ಲಿರುವ ನಮೂದಿನ ನಕಲು ಕೊಡಿ’ ಅಂತ ಆ ಪದ ಹಾಕಿಯೇ ಬರೀರಿ. ಅದರಲ್ಲಿ ಇಡೀ ಜೀವನಚರಿತ್ರೆ ಇರಲ್ಲ. ಹೆಸರು, ತಂದೆ ಹೆಸರು, ಊರು, ಭರ್ತಿಯಾದ ತಾರೀಖು, ಬಿಡುಗಡೆಯಾದ ಕಾರಣ, ಹೀಗೆ ಒಂದು ಅಡ್ಡಸಾಲು. ನಿಮಗೆ ಬೇಕಿರೋದು ಆ ಸಾಲೇ.

ಊರು ಬರೆಯುವಾಗ ದಾವಣಗೆರೆ ಜಿಲ್ಲೆ ಅಂತ ಮಾತ್ರ ಬರೆದರೆ ಸಿಗಲ್ಲ. ಈ ಜಿಲ್ಲೆ ಆಗಿದ್ದೇ 1997ರಲ್ಲಿ. ಅಜ್ಜ ಸೇರಿದಾಗ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಇಂಗ್ಲಿಷ್ ಕಾಗದಗಳಲ್ಲಿ ಅದು ‘ಚಿತಲ್‌ಡ್ರೂಗ್’, ಮೈಸೂರು ಸ್ಟೇಟ್. ಹೆಸರಿನ ಕಾಗುಣಿತವೂ ಅಷ್ಟೇ. ಭರ್ತಿ ಮಾಡಿಕೊಂಡ ಉತ್ತರದ ಕ್ಲರ್ಕ್ ಕಿವಿಗೆ ತಿಪ್ಪೇಸ್ವಾಮಿ ‘ಟಿಪ್ಪೂ ಸಾಮಿ’ ಆಗಿರಬಹುದು, ಹನುಮಂತಪ್ಪ ಬರೀ ‘ಹನ್ಮಂತ್’ ಆಗಿರಬಹುದು. ಎರಡು ಮೂರು ರೂಪ ಕೊಡಿ, ತಂದೆ ಹೆಸರು ತಪ್ಪದೆ ಕೊಡಿ.

ಮಹಾರಾಜರ ಸೀಮೆ ಅಂದಿರಲ್ಲ, ಅದಕ್ಕೆ ಎರಡು ದಾರಿ ಇದ್ದವು. ಒಂದು, ಮೈಸೂರು ಸಂಸ್ಥಾನದ್ದೇ ಸೈನ್ಯ. ಅದರ 1ನೇ ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿತ್ತು, 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಸೆರೆಯಾಯಿತು. ಇನ್ನೊಂದು, ನೇರವಾಗಿ ಭಾರತೀಯ ಸೇನೆ. ಬೆಂಗಳೂರು ದಂಡು ಪ್ರದೇಶ ಆಗ ಬ್ರಿಟಿಷರ ಆಡಳಿತದಲ್ಲೇ ಇತ್ತು, ಸಂಸ್ಥಾನದ ಹುಡುಗರು ಅಲ್ಲಿ ಹೋಗಿ ಭರ್ತಿಯಾಗ್ತಿದ್ದರು. ನಿಮ್ಮಜ್ಜ ಎರಡನೇ ದಾರಿಯವರು ಅನ್ಸುತ್ತೆ. ಮೊದಲನೆಯದಾಗಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕಾಗ್ತಿತ್ತು.

ಲಂಡನ್ನಿನ ಪತ್ರಾಗಾರದಲ್ಲಿ ಬರ್ಮಾ ರಂಗದ ಯುದ್ಧ ದಿನಚರಿಗಳು ಡಬ್ಲ್ಯೂಒ 172 ಅನ್ನೋ ಸಂಖ್ಯೆಯಲ್ಲಿವೆ. ಅದಕ್ಕೆ ಈಗಲೇ ಕೈಹಾಕಬೇಡಿ. ದಿನಚರಿಯಲ್ಲಿ ಅಧಿಕಾರಿಗಳ ಹೆಸರಿರುತ್ತೆ, ಸಿಪಾಯಿಗಳದ್ದು ಅಪರೂಪ. ಯಾವ ಕಂಪನಿ ಅಂತ ಗೊತ್ತಾದ ಮೇಲೆ ಆ ಕಂಪನಿ ಯಾವ ದಿನ ಎಲ್ಲಿತ್ತು ಅಂತ ನೋಡೋಕೆ ಮಾತ್ರ ಅದು ಉಪಯೋಗ.

ಚಳ್ಳಕೆರೆಯ ಸದಸ್ಯೆ:

ಸರ್, ನಮ್ಮ ತಾತ 1971ರ ಯುದ್ಧದವರು. ಡಿಸ್ಚಾರ್ಜ್ ಬುಕ್‌ನಲ್ಲಿ ಸಿಗ್ನಲ್ಸ್ (ಸೇನೆಯ ಸಂಪರ್ಕ ದಳ) ಅಂತಿದೆ. ಆದರೆ ಅಜ್ಜಿ ‘ಚಕ್ರಾತಾದಲ್ಲಿದ್ರು, ಒಂದೂವರೆ ವರ್ಷ ಎಲ್ಲಿದ್ದಾರೆ ಅಂತ ಕಾಗದ ಬರಲಿಲ್ಲ’ ಅಂತಾರೆ. ಮಾಹಿತಿ ಹಕ್ಕಿನಲ್ಲಿ ಕೇಳಬಹುದಾ?

ಉತ್ತರ:

ಚಕ್ರಾತಾ ಅಂದರೆ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್ ಇರಬಹುದು ತಾಯಿ, ಉತ್ತರಾಖಂಡದ ಆ ಊರೇ ಅದರ ನೆಲೆ. ಚೀನಾ ಯುದ್ಧದ ಹೊತ್ತಿಗೆ, 1962ರ ನವೆಂಬರಲ್ಲಿ ಟಿಬೆಟಿಯನ್ನರನ್ನ ಸೇರಿಸಿ ಕಟ್ಟಿದ್ದು. 1971ರಲ್ಲಿ ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಗುಟ್ಟಾಗಿ ಹೋರಾಡಿತು. ಸೇನೆಯಿಂದಲೂ ಎರವಲು ಸೇವೆ ಮೇಲೆ ಅಲ್ಲಿಗೆ ಜನ ಹೋಗ್ತಿದ್ದರು. ಆ ಪಡೆಗೇ ಅರ್ಜಿ ಹಾಕಿದರೆ ಪ್ರಯೋಜನ ಇಲ್ಲ, 2005ರ ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಅದಕ್ಕೆ ವಿನಾಯಿತಿ ಇದೆ. ನೀವು ಕೇಳಬೇಕಾದ್ದು ಸಿಗ್ನಲ್ಸ್ ದಾಖಲೆ ಕಚೇರಿಯನ್ನ, ಅದು ಜಬಲ್ಪುರದಲ್ಲಿದೆ. ಯಾರೇ ಹೊರಗೆ ಹೋದರೂ ವಾಪಸ್ ಬಂದರೂ ಪಾರ್ಟ್ ಟೂ ಆರ್ಡರ್ ಅಂತ ಒಂದು ಲಿಖಿತ ಆದೇಶ ಹೊರಡುತ್ತೆ, ಸಂಬಳ ಅದರ ಮೇಲೆ. ಏನು ಮಾಡಿದರು ಅಂತ ಅದರಲ್ಲಿ ಇರಲ್ಲ, ಯಾವತ್ತು ಹೋದರು, ಯಾವತ್ತು ಬಂದರು ಅಂತ ಇರುತ್ತೆ. ತಾತನಿಗೆ ಪೆನ್ಷನ್ ಇತ್ತು ಅಂದರೆ ಕಡತ ಉಳಿದಿರೋ ಸಂಭವ ಹೆಚ್ಚು. ‘ವೈಯಕ್ತಿಕ ಮಾಹಿತಿ’ ಅಂತ ನಿರಾಕರಿಸಿದರೆ ಸೆಕ್ಷನ್ 8(3) ಎತ್ತಿ ಹೇಳಿ, 20 ವರ್ಷ ದಾಟಿದ ಸಂಗತಿಗೆ ಆ ನೆಪ ನಡೆಯಲ್ಲ.

ಅಜ್ಜಿಯವರು ಇನ್ನೂ ಇದ್ದಾರಲ್ಲ, ಇವತ್ತೇ ಕೂತು ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಎಲ್ಲಿಗೆ ಹೋದರು ಅಂತ ಕೇಳಬೇಡಿ, ಅದು ಅವರಿಗೂ ಗೊತ್ತಿರಲಿಕ್ಕಿಲ್ಲ. ಯಾವ ಹಬ್ಬಕ್ಕೆ ರಜೆ ಮೇಲೆ ಬಂದಿದ್ದರು, ಮನಿಯಾರ್ಡರ್ ಎಲ್ಲಿಂದ ಬರ್ತಿತ್ತು, ಆಗ ಮನೆಯಲ್ಲಿ ಯಾವ ಮಗು ಹುಟ್ಟಿತ್ತು, ಹೀಗೆ ಕೇಳಿ. ತಾರೀಖು ತಾನಾಗೇ ಬರುತ್ತೆ.

ಹರಿಹರದ ಸದಸ್ಯರು:

ಪದಕ ಕಪ್ಪಾಗಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಅಂತವೆ. ನಮ್ಮನೇಲಿ ಹಂಗೇ ಮಾಡಿ ಫ್ರೇಮ್ ಹಾಕಿಸಿದ್ವಿ.

ಉತ್ತರ:

ದಯವಿಟ್ಟು ಯಾರೂ ಮಾಡಬೇಡಿ. ಸ್ವಾತಂತ್ರ್ಯಾನಂತರದ ಪದಕಗಳ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು ಸಣ್ಣಗೆ ಕೊರೆದಿರ್ತಾರೆ. ತಿಕ್ಕಿ ತಿಕ್ಕಿ ಅದು ಸವೆದರೆ ಆಮೇಲೆ ಉಳಿಯೋದು ಬರೀ ಲೋಹ. ಚಳ್ಳಕೆರೆಯವರು ತಾತನ ಪದಕಗಳ ಅಂಚನ್ನ ಬಿಸಿಲಿಗೆ ಓರೆ ಹಿಡಿದು ಭೂತಗನ್ನಡಿಯಲ್ಲಿ ನೋಡಲಿ.

ಮೊದಲ ಪ್ರಶ್ನೆ ಕೇಳಿದವರು:

ಸರ್, ದೊಡ್ಡಪ್ಪಗೆ ಫೋನ್ ಮಾಡಿದ್ದೆ. ಜಮೀನು ದರಖಾಸ್ತಲ್ಲೇ ಬಂದಿದ್ದಂತೆ. ಸಾಗುವಳಿ ಚೀಟಿ ಅವರ ಹತ್ರ ಐತೆ, ‘ಮಾಜಿ ಸೈನಿಕ’ ಅಂತ ಬರೆದಿದೆ, ಆದರೆ ನಂಬರ್ ಇಲ್ಲ. ನೀಲಿ ಬಟ್ಟೆ ಸಿಗಲಿಲ್ಲ.

ಉತ್ತರ:

ಬಟ್ಟೆ ಸಿಗದಿದ್ದರೆ ಇರಲಿ, ಚೀಟಿ ಸಿಕ್ಕಿದ್ದು ದೊಡ್ಡದು. ಚೀಟಿಯ ಮೇಲೆ ಮಂಜೂರಾತಿ ಆದೇಶದ ಸಂಖ್ಯೆ, ತಾರೀಖು ಇರುತ್ತೆ. ಅದನ್ನ ಹಾಕಿ ಜಗಳೂರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಚೀಟಿಯ ನಕಲು ಕೊಟ್ಟು ಕಳಿಸಿಬಿಡ್ತಾರೆ, ಅದು ಬೇಡ ಅನ್ನಿ. ಇಡೀ ಕಡತ, ಅದರೊಳಗಿನ ಲಗತ್ತುಗಳ ಸಮೇತ ಅಂತ ಬರೀರಿ. ಅಜ್ಜ ಅರ್ಜಿ ಜೊತೆ ಕೊಟ್ಟ ಡಿಸ್ಚಾರ್ಜ್ ಸರ್ಟಿಫಿಕೇಟ್ ಆ ಲಗತ್ತುಗಳಲ್ಲೇ ಇರಬೇಕು. ಸೈನಿಕ ಕಲ್ಯಾಣ ಕಚೇರಿಗೂ ಅದೇ ವಾರ ಹೋಗಿ, ಒಂದನ್ನೇ ನಂಬ್ಕೊಂಡು ಕೂರಬೇಡಿ. ಸಿಕ್ಕಿದ ಕಾಗದವನ್ನ ಗುಂಪಿನಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳಿಸಿ, ಎರಡೂ ಬದಿಯ ಫೋಟೋ ಇರಲಿ. ದಾಖಲೆ ಕಚೇರಿಗೆ ಹೋಗೋ ಪತ್ರದ ಕರಡು ನಾನು ನೋಡಿಕೊಡ್ತೀನಿ.