ಲಿಕ್ವಿಡ್ ನೈಟ್ರೋಜನ್‌ನಲ್ಲಿ ತಣ್ಣಗೆ ಮಾಡಿದ ವಾಲ್ವ್‌ನ ದನಿ ನಿಜಕ್ಕೂ ಬೇರೆಯಾ?

ಹಳೇ_ಡಬ್ಬಿ:
ನನ್ನ ಪ್ರಿಆಂಪ್‌ನಲ್ಲಿ (ಆಂಪ್ಲಿಫೈಯರ್‌ಗೆ ಮೊದಲು ಬರುವ ಡಬ್ಬಿ) ಎರಡು ಇಸಿಸಿ83 ವಾಲ್ವ್ ಇವೆ, ಅಂದರೆ ಸಿಗ್ನಲ್ ಹಿಗ್ಗಿಸುವ ಗಾಜಿನ ನಿರ್ವಾತ ಕೊಳವೆಗಳು. ಸವೆದಿವೆ, ಬದಲಿಸಬೇಕು. ಹುಡುಕುವಾಗ ಒಂದೇ ಮೇಕ್, ಒಂದೇ ನಂಬರ್‌ನವು ಎರಡು ಬಗೆ ಸಿಕ್ಕವು. ಒಂದರ ಮೇಲೆ 'ಕ್ರಯೋ' ಅಂತ ಸ್ಟಿಕ್ಕರ್, ದುಡ್ಡೂ ಜಾಸ್ತಿ. ಮೈನಸ್ 196 ಡಿಗ್ರಿವರೆಗೆ ತಣ್ಣಗೆ ಮಾಡಿ, ಹಾಗೇ ಇಟ್ಟು, ಆಮೇಲೆ ನಿಧಾನಕ್ಕೆ ವಾಪಸ್ ತರುತ್ತಾರಂತೆ. ಬಾಸ್ ಬಿಗಿಯಾಗುತ್ತದೆ, ಹಾಡುವವರು ಎದುರಿಗೇ ಕೂತ ಹಾಗೆ ಕೇಳಿಸುತ್ತದೆ ಅಂತ ಹೊಗಳಿಕೆ. ಇದರಲ್ಲಿ ಹುರುಳಿದೆಯಾ, ಅಥವಾ ಸುಮ್ನೆ ಸ್ಟಿಕ್ಕರ್‌ಗೆ ದುಡ್ಡು ಕೊಡಬೇಕಾ?

ಗ್ರಿಡ್_ಲೀಕ್:
ಈ ಕ್ರಯೋ ಅನ್ನೋದು ಹುಟ್ಟುಸುಳ್ಳೇನಲ್ಲ. ಉಕ್ಕಿನ ಡ್ರಿಲ್ ಬಿಟ್, ಕಟರ್‌ಗಳಿಗೆ ಮಾಡುತ್ತಾರೆ, ಅಲ್ಲಿ ಉಪಯೋಗವೂ ಇದೆ. ಗಟ್ಟಿ ಮಾಡಿದ ಉಕ್ಕಿನಲ್ಲಿ ಸ್ವಲ್ಪ ಆಸ್ಟೆನೈಟ್ (ಉಕ್ಕಿನ ಮೆತ್ತನೆ ರೂಪ) ಉಳಿದುಕೊಂಡಿರುತ್ತದೆ. ಜೋರಾಗಿ ತಣ್ಣಗೆ ಮಾಡಿದರೆ ಅದರಲ್ಲಿ ಬಹುಪಾಲು ಮಾರ್ಟೆನ್ಸೈಟ್ ಅನ್ನೋ ಗಟ್ಟಿ ರೂಪ ಆಗುತ್ತದೆ, ಬಿಟ್ ಬೇಗ ಸವೆಯುವುದಿಲ್ಲ. ಆದರೆ ವಾಲ್ವ್ ಒಳಗೆ ಇರುವುದು ಹೆಚ್ಚಾಗಿ ನಿಕಲ್, ಮಾಲಿಬ್ಡಿನಮ್, ಟಂಗ್‌ಸ್ಟನ್. ಎಷ್ಟೇ ತಣ್ಣಗೆ ಮಾಡಿದರೂ ನಿಕಲ್‌ನ ಹರಳಿನ ಜೋಡಣೆ ಬದಲಾಗುವುದಿಲ್ಲ. ಅಲ್ಲಿ ಬದಲಾಗೋಕೆ ಆಸ್ಟೆನೈಟೇ ಇಲ್ಲವಲ್ಲ!

ಇನ್ನೊಂದು. ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ಕೆಲಸ ಮಾಡುವುದು ಸುಮಾರು 700ರಿಂದ 800 ಡಿಗ್ರಿ ಕಾವಿನಲ್ಲಿ, ಕತ್ತಲಲ್ಲಿ ನೋಡಿದರೆ ಕೆಂಪಗೆ ಕಾಣುವುದು ಅದೇ. ಫ್ಯಾಕ್ಟರಿಯಲ್ಲಿ ಗಾಳಿ ಎಳೆಯುವಾಗ ಲೋಹದೊಳಗಿನ ಅನಿಲ ಹೊರಬರಲಿ ಅಂತ ಆ ಎಲೆಕ್ಟ್ರಾನ್ ಹಿಡಿಯುವ ಪ್ಲೇಟನ್ನೂ ಕೆಂಪಗೆ ಕಾಯಿಸುತ್ತಾರೆ, ಕ್ಯಾಥೋಡ್ ಮೇಲಿನ ಬೇರಿಯಂ, ಸ್ಟ್ರಾನ್ಷಿಯಂ ಕಾರ್ಬೊನೇಟ್ ಒಡೆದು ಆಕ್ಸೈಡ್ ಆಗುವುದೂ ಅಂಥ ಕಾವಿನಲ್ಲೇ. ತಣ್ಣಗೆ ಮಾಡಿ ಕ್ಯಾಥೋಡ್‌ನ ಲೋಹದಲ್ಲಿ ಏನಾದರೂ ತಂದಿದ್ದೀರಿ ಅಂತಲೇ ಇಟ್ಟುಕೊಳ್ಳಿ, ಮೊದಲ ಸಲ ಸ್ವಿಚ್ ಹಾಕಿದಾಗಲೇ ಅದು ಅಳಿಸಿಹೋಗುತ್ತದೆ. ಪ್ಲೇಟ್, ನಡುವೆ ಹರಿವನ್ನು ಹಿಡಿತದಲ್ಲಿಡುವ ಗ್ರಿಡ್ ಅಷ್ಟು ಕಾಯುವುದಿಲ್ಲ ನಿಜ, ಆದರೆ ಕರೆಂಟ್ ಎಷ್ಟು ಹರಿಯಬೇಕು ಅಂತ ತೀರ್ಮಾನಿಸುವುದು ಗ್ರಿಡ್‌ಗೂ ಕ್ಯಾಥೋಡ್‌ಗೂ ನಡುವಿನ ಅಂತರ, ಆ ಆಕ್ಸೈಡ್ ಪದರದ ಗುಣ.

ತಮಾಷೆ ಏನು ಗೊತ್ತಾ, ವಾಲ್ವ್ ಅಂದರೆ ಒಂಥರಾ ಥರ್ಮಾಸ್ ಫ್ಲಾಸ್ಕ್. ಗಾಜು, ಒಳಗೆ ನಿರ್ವಾತ, ಮೇಲೆ ಉಳಿದ ಅನಿಲ ಹೀರುವ ಬೆಳ್ಳಿ ಬಣ್ಣದ ಗೆಟರ್ ಪದರ ಬೇರೆ. ಒಳಗಿನ ಲೋಹಕ್ಕೆ ಚಳಿ ತಲುಪುವುದೇ ನಿಧಾನ, ಹೆಚ್ಚಾಗಿ ಪಿನ್ ತಂತಿಗಳ ಮೂಲಕ.

ರಾತ್ರಿ_ಕಿವಿ:
ಥಿಯರಿ ಎಲ್ಲ ಸರಿ ಮಾರಾಯ್ರೆ, ನಾನು ಕೇಳಿದ್ದೇನಲ್ಲ. ಹಳೇ ಜೋಡಿ ತೆಗೆದು ಕ್ರಯೋ ಜೋಡಿ ಹಾಕಿದೆ, ದನಿ ಬಿಚ್ಚಿಕೊಂಡಿತು. ಕಿವಿಯನ್ನು ನಂಬಬೇಡ ಅಂದರೆ ಮತ್ತೆ ಈ ಹವ್ಯಾಸ ಯಾಕೆ?

ಬೆಸುಗೆ_ಹೊಗೆ:
@ರಾತ್ರಿ_ಕಿವಿ ನೀವು ಕೇಳಿದ್ದು ಸುಳ್ಳು ಅಂತ ಯಾರೂ ಅನ್ನುತ್ತಿಲ್ಲ. ಆದರೆ ನೀವು ಹೋಲಿಸಿದ್ದು ಸವೆದ ವಾಲ್ವನ್ನು ಹೊಸ ವಾಲ್ವ್ ಜೊತೆ. ಕ್ರಯೋ ಇಲ್ಲದ ಹೊಸದನ್ನು ಹಾಕಿದ್ದರೂ ಬಿಚ್ಚಿಕೊಳ್ಳುತ್ತಿತ್ತು, ಅಲ್ವಾ? ಇಂಥವನ್ನು ಮಾರುವವರು ಸಾಮಾನ್ಯವಾಗಿ ಮೊದಲೇ ಅಳೆದು, ಗದ್ದಲ ಮಾಡುವವನ್ನು ಬೇರೆ ಇಟ್ಟು, ಜೋಡಿ ಹೊಂದಿಸಿ ಕೊಡುತ್ತಾರೆ. ಆ ಆಯ್ಕೆಗೆ ಬೆಲೆ ಇದೆ, ನಾನೂ ಕೊಡುತ್ತೇನೆ. ಚಳಿಗೆ ಕೊಡುವುದಿಲ್ಲ.

ಇಸಿಸಿ83ರ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಎಷ್ಟು ಪಟ್ಟು ಹಿಗ್ಗಿಸಬಲ್ಲದು ಅನ್ನುವ ಲೆಕ್ಕ) 100 ಅಂತ ಡೇಟಾ ಶೀಟಿನಲ್ಲಿರುತ್ತದೆ, ಆದರೆ ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಕೂಡ ಹಾಗೇ ಇರುವುದಿಲ್ಲ. ಅರ್ಧ ಡೆಸಿಬೆಲ್ ಜೋರಾಗಿದ್ದರೆ ಅದು ಜೋರು ಅಂತ ಅನಿಸುವುದೇ ಇಲ್ಲ, 'ಚೆನ್ನಾಗಿದೆ' ಅಂತ ಅನಿಸುತ್ತದೆ. ನಾನೇ ಎಷ್ಟು ಸಲ ಮೋಸ ಹೋಗಿದ್ದೇನೋ.

ಒಂದು ಕಡೆ ಮಾತ್ರ ಬಾಗಿಲು ತೆರೆದಿಡುತ್ತೇನೆ: ಮೈಕ್ರೋಫೋನಿಕ್ಸ್, ಅಂದರೆ ವಾಲ್ವ್‌ನ ಅಲುಗಾಟ ದನಿಯಲ್ಲಿ ಸೇರಿಕೊಳ್ಳುವುದು. ಒಳಗಿನ ಭಾಗಗಳನ್ನು ಮೈಕಾ ತುಂಡುಗಳು ಹಿಡಿದಿರುತ್ತವೆ, ಹಿಡಿತ ಬಿಗಿಯಾದರೆ ಅಥವಾ ಸಡಿಲವಾದರೆ ವ್ಯತ್ಯಾಸ ಕೇಳಿಸಬಹುದು. ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ, ಸ್ಪೀಕರ್‌ನಲ್ಲಿ ಟಿಂಗ್ ಅಂತ ಎಷ್ಟು ಬರುತ್ತದೆ ನೋಡಿ. ಅದೇ ವಾಲ್ವನ್ನು ಕ್ರಯೋಗೆ ಮೊದಲು, ಆಮೇಲೆ ತಟ್ಟಿ ನೋಡಿದವರು ಇದ್ದರೆ ಹೇಳಿ.

ಮನೆಯಲ್ಲಿ ಮಾತ್ರ ಪ್ರಯತ್ನ ಮಾಡಬೇಡಿ. ಗಾಜು ಪಿನ್ ಹತ್ತಿರ ಬಿರುಕು ಬಿಟ್ಟರೆ ಗಾಳಿ ನುಗ್ಗಿ ಗೆಟರ್ ಬಿಳಿಯಾಗುತ್ತದೆ, ವಾಲ್ವ್ ಕತೆ ಮುಗಿಯಿತು. ಆಕ್ಟಲ್ ಬೇಸ್ (ಗಾಜಿಗೆ ಅಂಟಿಸಿದ ಎಂಟು ಪಿನ್‌ಗಳ ಬುಡ) ಇದ್ದರೆ ಅಂಟೂ ಬಿಡಬಹುದು.

ಹಳೇ_ಡಬ್ಬಿ:
ಗೆಳೆಯನೊಬ್ಬನ ಹತ್ತಿರ ಕ್ರಯೋ ಜೋಡಿ ಇತ್ತು, ನಾನು ಅದೇ ಮೇಕ್‌ನ ಮಾಮೂಲಿ ಜೋಡಿ ತಂದೆ. ವಾಲ್ವ್ ಬದಲಿಸಿ ಕಾಯುವುದರೊಳಗೆ ಮೊದಲಿನ ದನಿ ಮರೆತುಹೋಗುತ್ತಿತ್ತು, ಹಾಗಾಗಿ ಪ್ರಿಆಂಪ್‌ನ ಔಟ್‌ಪುಟ್ಟನ್ನೇ ಎರಡು ಸಲ ರೆಕಾರ್ಡ್ ಮಾಡಿ ಲೆವೆಲ್ ಸಮ ಮಾಡಿದೆ. ಯಾವುದು ಅಂತ ಹೇಳದೆ ಅವನು ಹಾಕುತ್ತಾ ಹೋದ. ಹತ್ತರಲ್ಲಿ ಆರು ಸರಿ ಹೇಳಿದೆ! ಅಂದರೆ ಏನೋ ಇದೆ ಅಂತಲಾ?

ಗ್ರಿಡ್_ಲೀಕ್:
ನಾಣ್ಯ ಚಿಮ್ಮಿ ಉತ್ತರ ಹೇಳಿದರೂ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವುದು 100ಕ್ಕೆ ಸುಮಾರು 38 ಸಲ. ಹತ್ತಕ್ಕೆ ಒಂಬತ್ತು ಬಂದಾಗ ಮತ್ತೆ ಬನ್ನಿ, ನಾನೇ ಒಂದು ಜೋಡಿ ತರಿಸಿಕೊಳ್ಳುತ್ತೇನೆ. ಅಂದ ಹಾಗೆ ಲೆವೆಲ್ ಸಮ ಮಾಡುವ ಮೊದಲು ಎರಡಕ್ಕೂ ಎಷ್ಟು ವ್ಯತ್ಯಾಸ ಇತ್ತು?

ಹಳೇ_ಡಬ್ಬಿ:
0.7 ಡೆಸಿಬೆಲ್. ಕ್ರಯೋದೇ ಜೋರು.