ಪದಚರ್ಚೆ: ‘ಸುಸ್ಥಿರ’ ಬೇಡ, ‘ಬಾಳಿಕೆ’ಯೂ ಬೇಡ, ಮತ್ತೇನು ಬರೆಸಲಿ?

ಎಲ್ಲರಿಗೂ ನಮಸ್ಕಾರ. ಶನಿವಾರದೊಳಗೆ ಒಂದು ಬೋರ್ಡ್ ಬರೆಸಬೇಕು. ಬಾಗಲಕೋಟೆ ಹತ್ತಿರ ಆಲಮಟ್ಟಿ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿಯುತ್ತಲ್ಲ, ಆ ಜಾಗದಲ್ಲಿ 7 ಕಲಾಕೃತಿ ನಿಲ್ಲಿಸಿದ್ದೇವೆ. ಜೋಳದ ಕಣಕಿ, ತೊಗರಿ ಕಟ್ಟಿಗೆ, ಹುತ್ತದ ಮಣ್ಣು, ಹಳೆ ಕೌದಿಯ ಚೂರು. ಕಟ್ಟಿದ್ದೆಲ್ಲ ಪುಂಡಿ ನಾರಿನಿಂದ. ಮೊಳೆ, ತಂತಿ, ಸಿಮೆಂಟ್ ಇಲ್ಲ. ಮಳೆಗಾಲಕ್ಕೆ ನೀರು ಏರಿದರೆ ಎಲ್ಲವೂ ಮುಳುಗುತ್ತದೆ. ಒಂದು ತುಂಡು ತಂತಿ ಉಳಿದರೂ ಮೀನಿನ ಬಲೆಗೋ ಹಕ್ಕಿಯ ಕಾಲಿಗೋ ಸುತ್ತಿಕೊಳ್ಳುತ್ತದೆ.

ಇದಕ್ಕೆ ‘ಸುಸ್ಥಿರ’ (ಇಂಗ್ಲಿಷಿನ ‘ಸಸ್ಟೇನಬಲ್’) ಅನ್ನಲು ಮನಸ್ಸಿಲ್ಲ. ಇವು ಸ್ಥಿರವಾಗಿ ನಿಲ್ಲಲೇಬಾರದು. ‘ಬಾಳಿಕೆ ಬರುವ’ ಅಂದರೆ ಇನ್ನೂ ತಪ್ಪು. ಬಾಳಿಕೆ ಬರೋದು ಪ್ಲಾಸ್ಟಿಕ್ಕು. ‘ಮಣ್ಣಾಗುವ ಕಲೆ’ ಅಂತ ಬರೆದು ನಮ್ಮ ಅತ್ತೆಗೆ ತೋರಿಸಿದೆ. ಓದಿ ಸುಮ್ಮನಾದರು. ನಮ್ಮ ಕಡೆ ‘ಮಣ್ಣಿಗೆ ಹೋಗಿದ್ದೆ’ ಅಂದರೆ ಹೆಣ ಹೂಳಲು ಹೋಗಿದ್ದೆ ಅಂತ. ಹೋದ ತಿಂಗಳಷ್ಟೇ ಅವರು ತಮ್ಮನ ಮಣ್ಣಿಗೆ ಹೋಗಿ ಬಂದಿದ್ದರು.

ಹಾಗೇ ಕ್ಯುರೇಟರ್‌ಗೂ, ಅಂದರೆ ಯಾವ ಕೃತಿ ಎಲ್ಲಿ ನಿಲ್ಲಬೇಕು ಅಂತ ನೋಡಿಕೊಂಡವರಿಗೂ, ಒಂದು ಪದ ಬೇಕು.

ಮರು: ವಿಜಯಪುರದಿಂದ

‘ಅಳಿ’ ಧಾತು ಇದೆ. ‘ಅಳಿಯುವ ಕಲೆ’ ಅಂತ ಬರೆಯಿರಿ, ಮುಗಿಯಿತು. ‘ಸುಸ್ಥಿರ’ ಇಂಗ್ಲಿಷಿನಿಂದ ಹೊರಟು ಸಂಸ್ಕೃತದಲ್ಲೇ ನಿಂತಿದೆ, ಕನ್ನಡಕ್ಕೆ ಬಂದಿಲ್ಲ. ಕ್ಯುರೇಟರ್‌ಗೆ ‘ಅಣಿಗಾರ’. ಅಚ್ಚಗನ್ನಡ ಇರುವಾಗ ಸಾಲ ಯಾಕೆ?

ಮರು: ಬೆಳಗಾವಿಯಿಂದ

‘ಅಳಿಯುವ ಕಲೆ’ ಆಗದು. ದೊಡ್ಡಾಟ, ಪಾರಿಜಾತದಂಥ ಬಯಲಾಟಗಳು ನಿಂತು ಹೋಗುತ್ತಿವೆ ಅಂತ ಬರೆಯುವಾಗ ಪತ್ರಿಕೆಯವರು ಬಳಸುವ ಮಾತು ಅದು. ಬೋರ್ಡ್ ಓದಿದವರು ಅದನ್ನೇ ನೆನೆಸುತ್ತಾರೆ.

ನಿಮ್ಮ ‘ಅಣಿಗಾರ’ದ ‘ಗಾರ’ ಬಂದದ್ದೇ ಸಂಸ್ಕೃತದ ‘ಕಾರ’ದಿಂದ. ಅಚ್ಚಗನ್ನಡದ ಮಾತು ಅಲ್ಲಿಗೇ ನಿಂತಿತು. ಕುರ್ಚಿ, ಜಮೀನು, ದವಾಖಾನೆಯಂಥ ಸಾಲದ ಪದ ಬಿಟ್ಟು ನಮ್ಮಲ್ಲಿ ಯಾರಾದರೂ ಒಂದು ದಿನ ಮಾತಾಡಲಿ ನೋಡೋಣ. ಕ್ಯುರೇಟರ್ ಪದ ಕ್ರಿಕೆಟ್ ಸುದ್ದಿ ಓದುವ ಹುಡುಗರಿಗೂ ಗೊತ್ತು, ಪಿಚ್ ನೋಡಿಕೊಳ್ಳುವವನು ಅಂತ. ಲ್ಯಾಟಿನ್ನಿನ ‘ಕೂರಾ’ ಅಂದರೆ ಆರೈಕೆ. ಅರ್ಥ ಕೂಡುತ್ತದೆ. ಹಾಗೇ ಇರಲಿ.

ಕಲೆಯ ಹೆಸರಿಗೆ ಮಣ್ಣೆತ್ತಿನ ಅಮಾವಾಸ್ಯೆ ನೆನೆಸಿಕೊಳ್ಳಿ. ಎತ್ತು ಮಾಡುತ್ತೇವೆ, ಪೂಜೆ ಮಾಡುತ್ತೇವೆ, ನೀರಿಗೆ ಬಿಡುತ್ತೇವೆ. ಆಷಾಢದಲ್ಲಿ ಮಣ್ಣಿನಿಂದ ಮಾಡುವ ಗುಳ್ಳವ್ವನೂ ಹಾಗೇ. ಎತ್ತು ಅಳಿಯಿತು ಅಂತ ಯಾವ ಮಗುವೂ ಅನ್ನಲ್ಲ. ಕರಗಿತು ಅನ್ನುತ್ತದೆ, ಮಣ್ಣಲ್ಲಿ ಬೆರೆಯಿತು ಅನ್ನುತ್ತದೆ.

ಮರು: ಬಾಗಲಕೋಟೆಯಿಂದ

‘ಬೆರೆಯಿತು’ ಓದಿದ ಕೂಡಲೇ ಪೇಂಟರ್‌ಗೆ ಫೋನ್ ಮಾಡಿದೆ. ‘ಮಣ್ಣಲ್ಲಿ ಬೆರೆಯುವ ಕಲೆ’ ಅಂತ ಬರೆಯುತ್ತಿದ್ದಾರೆ. ‘ಕರಗುವ’ ಅಂದರೆ ಹುತ್ತದ ಮಣ್ಣಿಗೆ ಸರಿ, ಕಣಕಿ ಕರಗಲ್ಲ, ಕೊಳೆಯುತ್ತೆ. ಬೆರೆಯೋದು ಎರಡಕ್ಕೂ ಹೊಂದುತ್ತದೆ. ಅತ್ತೆ ಓದಿ, ‘ಈಗ ಚಲೋ ಆತು’ ಅಂದರು.

ಕ್ಯುರೇಟರ್ ಹೆಸರಿನ ಮುಂದೆ ‘ಹೊಂದಿಸಿದವರು’ ಅಂತ ಹಾಕಿಸಿದ್ದೇನೆ. ಯಾವುದು ಎಲ್ಲಿ ನಿಲ್ಲಬೇಕು, ಎಲ್ಲಿ ನೆಲ ಅಗೆಯಬಾರದು ಅಂತ ನೋಡಿದ್ದೇ ಅವರ ಕೆಲಸ ಅಲ್ವಾ.

ಮರು: ವಿಜಯಪುರದಿಂದ

‘ಬೆರೆಯುವ’ ಒಪ್ಪಿದೆ. ‘ಗಾರ’ ಒಪ್ಪಿಲ್ಲ. ಅದಕ್ಕೆ ಬೇರೆ ಓಲೆ ಬರೆಯುತ್ತೇನೆ.