ಐದು ವರ್ಷ ಕಾರ್ಖಾನೆಯಲ್ಲಿ ದುಡಿದ ಮೇಲೆ ಎಂಬಿಎ: ಎರಡು ವರ್ಷದ್ದೋ, ಒಂದು ವರ್ಷದ್ದೋ?

ಪ್ರಶ್ನೆ

ನಾನು ಮೆಕ್ಯಾನಿಕಲ್ ಎಂಜಿನಿಯರ್. ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರ ಉತ್ಪಾದನಾ ವಿಭಾಗದಲ್ಲಿ ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಒಂದು ಭಾಗವನ್ನು ಎಷ್ಟು ನಿಖರವಾಗಿ ಕೊರೆಯಬೇಕೆಂಬುದು ನನ್ನ ಹೊಣೆ; ಅದನ್ನು ಯಾವ ಬೆಲೆಗೆ ಮಾರಬೇಕು, ಹೊಸ ಯಂತ್ರಕ್ಕೆ ಬಂಡವಾಳ ಹೂಡಬೇಕೇ ಬೇಡವೇ ಎಂಬ ತೀರ್ಮಾನಗಳು ಮಾತ್ರ ಬೇರೆಲ್ಲೋ ಆಗಿ ನಮ್ಮಲ್ಲಿಗೆ ಆದೇಶವಾಗಿ ಬರುತ್ತವೆ. ಆ ತೀರ್ಮಾನಗಳು ಆಗುವ ಕಡೆಗೆ ಹೋಗಬೇಕೆಂಬುದು ನನ್ನ ಆಸೆ. ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆದು ಎರಡು ವರ್ಷದ ಎಂಬಿಎಗೆ ಸೇರುವುದು ಸರಿಯೇ, ಅಥವಾ ಒಂದು ವರ್ಷದ ಕೋರ್ಸ್ ಸಾಕೇ?

ಉತ್ತರ 1

ಅವಧಿಯ ಪ್ರಶ್ನೆಗಿಂತ ಮೊದಲು, ನೀವು ಕ್ಷೇತ್ರವನ್ನೇ ಬದಲಿಸಬೇಕೆಂದಿದ್ದೀರೋ ಅಥವಾ ಇರುವ ಕ್ಷೇತ್ರದಲ್ಲೇ ಮೇಲೇರಬೇಕೆಂದಿದ್ದೀರೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಎರಡು ವರ್ಷದ ಕೋರ್ಸಿನಲ್ಲಿ ಮೊದಲ ವರ್ಷ ಮುಗಿದ ಮೇಲೆ ಸುಮಾರು ಎರಡು ತಿಂಗಳ ಬೇಸಿಗೆ ಇಂಟರ್ನ್‌ಶಿಪ್ ಇರುತ್ತದೆ. ಕ್ಷೇತ್ರ ಬದಲಿಸುವವರಿಗೆ, ನನ್ನ ಮಟ್ಟಿಗೆ, ತರಗತಿಯ ಪಾಠಕ್ಕಿಂತ ಅದೇ ದೊಡ್ಡದು. ಏಕೆಂದರೆ ಹಣಕಾಸು ಅಥವಾ ಮಾರುಕಟ್ಟೆಯ ಕೆಲಸವನ್ನು ಎಂದೂ ಮಾಡಿರದ ಎಂಜಿನಿಯರನ್ನು ಸಂಸ್ಥೆಯೊಂದು ಪರೀಕ್ಷಿಸಿ ನೋಡಲು, ಮೆಚ್ಚಿದರೆ ಅಲ್ಲಿಯೇ ಉದ್ಯೋಗದ ಕರೆ ಕೊಡಲು ಸಿಗುವ ಅವಕಾಶ ಅದೊಂದೇ. ಹೈದರಾಬಾದಿನ ಮ್ಯಾನೇಜ್‌ಮೆಂಟ್ ಶಾಲೆ ಐಎಸ್‌ಬಿಯಂಥ ಒಂದು ವರ್ಷದ ಕೋರ್ಸುಗಳಲ್ಲಿ ಅಂಥ ಇಂಟರ್ನ್‌ಶಿಪ್ ಇರುವುದಿಲ್ಲವಾದ್ದರಿಂದ, ನೇಮಕಕ್ಕೆ ಬಂದವರು ನಿಮ್ಮ ಹಿಂದಿನ ಅನುಭವವನ್ನೇ ಹೆಚ್ಚಾಗಿ ತೂಗಿ ನೋಡುತ್ತಾರೆ. ಅಲ್ಲಿಂದಲೂ ಕ್ಷೇತ್ರ ಬದಲಿಸಿದವರಿದ್ದಾರೆ, ಆದರೆ ದಾರಿ ಕಡಿದು.

ನೀವು ಬರೆದದ್ದನ್ನು ಓದಿದರೆ ತಯಾರಿಕಾ ಉದ್ಯಮವನ್ನು ಬಿಡುವ ಮನಸ್ಸು ನಿಮಗಿದ್ದಂತೆ ಕಾಣುವುದಿಲ್ಲ. ಬೆಲೆ ನಿಗದಿ, ಬಂಡವಾಳ ಹೂಡಿಕೆ, ಸರಬರಾಜು ಸರಪಳಿ ಇವೆಲ್ಲ ಅದೇ ಉದ್ಯಮದ ವ್ಯವಹಾರದ ಮುಖಗಳು. ಅಲ್ಲಿ ನಿಮ್ಮ ಐದು ವರ್ಷಗಳಿಗೆ ಬೆಲೆಯಿದೆ, ಬ್ಯಾಂಕಿನ ಹೊಸ್ತಿಲಲ್ಲಿ ಅಷ್ಟಿಲ್ಲ.

ಉತ್ತರ 2

ಮೇಲಿನ ಮಾತು ನಿಜವಾದರೆ ಕೆಲಸ ಬಿಡುವ ಅಗತ್ಯವೇ ಇಲ್ಲದಿರಬಹುದು. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಉದ್ಯೋಗದಲ್ಲಿರುವವರಿಗಾಗಿಯೇ ಪಿಜಿಪಿಇಎಂ ಎಂಬ ವಾರಾಂತ್ಯದ ಕೋರ್ಸ್ ಇದೆ. ಪೂರ್ಣಾವಧಿಯದೇ ಬೇಕೆಂದರೆ, ಐದು ವರ್ಷವಾದರೂ ಅನುಭವವಿರುವವರಿಗೆ ಅಲ್ಲಿಯೇ ಒಂದು ವರ್ಷದ ಇಪಿಜಿಪಿ ಇದೆ. ವಾರಾಂತ್ಯದ ಕೋರ್ಸಿನವರಿಗೆ ಕ್ಯಾಂಪಸ್ ನೇಮಕಾತಿಯ ಆಸರೆ ದೊಡ್ಡದಾಗಿರುವುದಿಲ್ಲವೆಂಬುದನ್ನು ಮರೆಯಬೇಡಿ, ಆದ್ದರಿಂದ ನಿಮ್ಮ ಕಂಪನಿಯಲ್ಲಿ ಮೇಲೇರಲು ಜಾಗವಿದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಉತ್ತರ 3

ಎರಡು ವರ್ಷದ್ದೇ ಆರಿಸಿದರೆ ಎರಡು ವಿಷಯ ಹೇಳಬೇಕು. ಕ್ಯಾಟ್ ಇರುವುದು ನವೆಂಬರಿನಲ್ಲಿ. ಗಣಿತದಲ್ಲಿ ಎಂಜಿನಿಯರುಗಳು ಸಾಮಾನ್ಯವಾಗಿ ಗೆದ್ದು, ಇಂಗ್ಲಿಷ್ ಗದ್ಯವನ್ನು ಓದಿ ಅರ್ಥೈಸುವ ಭಾಗದಲ್ಲಿ ಸೋಲುತ್ತಾರೆ. ಪ್ರತಿ ಭಾಗಕ್ಕೂ ಪ್ರತ್ಯೇಕ ಕನಿಷ್ಠ ಪರ್ಸೆಂಟೈಲ್ (ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದೀರಿ ಎಂಬ ಲೆಕ್ಕ) ಇರುವುದರಿಂದ ಒಂದರ ಬಲ ಇನ್ನೊಂದರ ಕೊರತೆಯನ್ನು ಮುಚ್ಚುವುದಿಲ್ಲ. ಹತ್ತನೆಯ ತರಗತಿಯ ಅಂಕಗಳೂ ಲೆಕ್ಕಕ್ಕೆ ಬರುತ್ತವೆ, ಎಂಜಿನಿಯರಿಂಗೇತರ ಪದವೀಧರರಿಗೆ ಕೆಲವು ಐಐಎಂಗಳು ಹೆಚ್ಚುವರಿ ಅಂಕವನ್ನೂ ಕೊಡುತ್ತವೆ. ಎಂಜಿನಿಯರಿಂಗ್ ಕಡೆಯಿಂದ ಅರ್ಜಿ ಹಾಕುವವರ ಸಂತೆಯೇ ನೆರೆದಿರುವಾಗ ಅದನ್ನು ಅನ್ಯಾಯವೆನ್ನಲು ನನಗೆ ಮನಸ್ಸಿಲ್ಲ.

ಇನ್ನು ಹಣ. ಹಳೆಯ ಐಐಎಂಗಳ ಶುಲ್ಕ ಇಪ್ಪತ್ತು ಲಕ್ಷ ರೂಪಾಯಿ ದಾಟಿದೆ. ಅದರ ಮೇಲೆ ಎರಡು ವರ್ಷದ ಸಂಬಳವನ್ನು ಕಳೆದುಕೊಳ್ಳುವುದನ್ನೂ ಸೇರಿಸಿ ಲೆಕ್ಕ ಹಾಕಿ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಉದ್ಯಮವನ್ನು ಬಿಡುವ ಆಸೆ ನನಗಿಲ್ಲವೆಂಬುದು ಸರಿ. ಆದರೆ ನಮ್ಮದು ಒಂದು ಕುಟುಂಬದ ಒಡೆತನದ ಕಾರ್ಖಾನೆ. ಬೆಲೆ ನಿಗದಿಯ ಕೋಣೆಗೆ ಹೊರಗಿನವರು ಹೋದದ್ದನ್ನು ನಾನು ಕಂಡಿಲ್ಲ.

ಉತ್ತರ 2

ಹಾಗಿದ್ದರೆ ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೇಮಕಾತಿಯ ಆಸರೆ ಇರುವ ಪೂರ್ಣಾವಧಿಯ ಕೋರ್ಸನ್ನೇ ನೋಡಿ, ಇಪಿಜಿಪಿಯನ್ನು ಮೊದಲು.